ಪೇಟಿ ಮಾಸ್ತರು, ಕ್ಯಾಸಿಯೋ ಮಾಸ್ತರು

ನಮ್ಮ ಕಡೆ ಕೀಬೋರ್ಡ್ ಅಂತ ಯಾರೂ ಅನ್ನಂಗಿಲ್ಲ. ಯಾವ ಕಂಪನೀದಾದ್ರೂ ಇರಲಿ, ಕ್ಯಾಸಿಯೋ ಅಂದ್ರ ಮುಗೀತು. ವನಸ್ಪತಿ ಎಣ್ಣಿಗೆ ಡಾಲ್ಡಾ, ಕಾಗದದ ನಕಲಿಗೆ ಜೆರಾಕ್ಸ್ ಅಂದಂಗ ಇದೂ ಒಂದು. ನಿಮ್ಮನ್ಯಾಗ ಹಳೇ ನಾಟಕದ ಹ್ಯಾಂಡ್‌ಬಿಲ್ ಇದ್ರ ತೆಗೆದು ನೋಡ್ರಿ. ಉದ್ಘಾಟಕರು, ಅಧ್ಯಕ್ಷರು, ಊರ ಹಿರೀಕರು, ಪಾತ್ರ ಮಾಡೋ ಹುಡುಗರ ಫೋಟೋ, ಸ್ತ್ರೀ ಪಾತ್ರಕ್ಕ ಎಲ್ಲಿಂದ ಯಾರು ಬರ್ತಾರ ಅಂಬೋದು, ಇದೆಲ್ಲಾ ಆದ ಮ್ಯಾಲೆ ತಳದಾಗ ಸಣ್ಣಕ್ಷರದಾಗ ನಾಲ್ಕು ಸಾಲಿರ್ತಾವ: ಹಾರ್ಮೋನಿಯಂ, ತಬಲಾ, ಕ್ಯಾಸಿಯೋ, ರಿದಂ ಪ್ಯಾಡ್. ನಾನು ಮದುವಿಯಾಗಿ ಈ ಊರಿಗೆ ಬಂದಾಗ ಅದರಾಗ ಮೊದಲ್ನೇ ಎರಡು ಸಾಲು ಮಾತ್ರ ಇದ್ದವು. ಈಗ ಎಷ್ಟೋ ಊರಾಗ ಕಡೀ ಎರಡೇ ಉಳಿದಾವ. ನಡುವ ಮೂವತ್ತು ಮೂವತ್ತೈದು ವರ್ಷದಾಗ ಏನಾತು ಅಂಬೋದನ್ನ ನನಗ ತಿಳಿದಷ್ಟು ಬರೀತೀನಿ.

ದರೋಜಿ ಅಂದ್ರ ಹೊರಗಿನೋರಿಗೆ ಕರಡಿ ನೆನಪಾಗ್ತಾವ. ನಮಗ ಮೊದಲು ನೆನಪಾಗೋದು ಬುರ್ರಕಥಾ ಈರಮ್ಮನೋರು. 2014ರ ಆಗಸ್ಟ್ 12ಕ್ಕೆ ತೀರಿಕೊಂಡ್ರು. ಓದು ಬರಹ ಕಲೀದ ತಾಯಿ. ಕುಮಾರರಾಮನ ಕಾವ್ಯದಂಥವು ಒಂದಲ್ಲ ಎರಡಲ್ಲ, ರಾತ್ರಿಗಟ್ಟಲೆ ಹಾಡೋವಷ್ಟು ಬಾಯಾಗಿಟ್ಟುಕೊಂಡಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯದೋರು ಅವರನ್ನ ಕರೆದು ನಾಡೋಜ ಅಂತ ಗೌರವ ಮಾಡಿದ್ರು. ಬುರ್ರಕಥಿ ಒಬ್ಬರಿಂದ ಆಗೋ ಕೆಲಸ ಅಲ್ಲ. ಕಥಿ ಹೇಳೋರು ಒಬ್ಬರು, ಅವರ ಅಕ್ಕಪಕ್ಕ ನಿಂತು ದನಿಗೂಡಿಸಿ ವಾದ್ಯ ಬಾರಿಸೋರು ಒಬ್ಬರೋ ಇಬ್ಬರೋ. ಕಥಿ ಹೇಳೋರು ಉಸುರು ತೊಗೊಂಡ್ರ ಪಕ್ಕದೋರು ಸಾಲನ್ನ ಎಳಕೊಂಡು ಹೋಗ್ತಾರ. ಅವರು ಹಾಡು ಬಿಟ್ಟು ಮಾತಿಗೆ ಇಳಿದ್ರ ಇವರು ಬಾರಿಸೋದು ತಗ್ಗಿಸ್ತಾರ. ಕಥಿಯಾಗ ಅಳು ಬಂದ್ರ ತಾಳಾನೂ ನಿಧಾನ ಆಗ್ತೈತಿ. ಪಕ್ಕವಾದ್ಯ ಅಂದ್ರ ಇದೇ ಅಂತ ನಾನು ತಿಳಕೊಂಡಿದ್ದು. ಇದನ್ನ ಇಲ್ಲೇ ಹೇಳಿಟ್ಟಿರ್ತೀನಿ, ಮುಂದ ಕ್ಯಾಸಿಯೋ ಮಾತು ಬಂದಾಗ ಬೇಕಾಗ್ತೈತಿ.

ಪೇಟಿನೂ ನಮ್ಮದಲ್ಲ ಅಂಬೋದು ಬಹಳ ಮಂದಿಗೆ ಗೊತ್ತಿಲ್ಲ. ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸ್ ದೇಶದಾಗ, 1840ರ ಆಸುಪಾಸು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ ಅಂಬೋರು ಮಾಡಿದ್ದು. ಅದು ಕುರ್ಚಿ ಮ್ಯಾಲೆ ಕುಂತು ಕಾಲಿಲೆ ಗಾಳಿ ತುಳಿಯೋ ದೊಡ್ಡ ಪೆಟ್ಟಿಗಿ. ಪಾದ್ರಿಗಳ ಕೂಡ, ಸಾಹೇಬರ ಕೂಡ ಈ ಕಡೆ ಬಂತು. ಕಲ್ಕತ್ತಾದ ದ್ವಾರಕಾನಾಥ ಘೋಷ್ ಅನ್ನೋ ವ್ಯಾಪಾರಸ್ಥರು ಅದನ್ನ ಸಣ್ಣದು ಮಾಡಿ, ನೆಲದ ಮ್ಯಾಲೆ ಕುಂತು ಎಡಗೈಲೆ ಗಾಳಿ ಒತ್ತಿ ಬಲಗೈಲೆ ನುಡಿಸೋ ಹಂಗ ಮಾಡಿದ್ರು. ಆಮ್ಯಾಲೆ ಅದು ಭಜನಿಗೆ ಹೋತು, ಕೀರ್ತನಿಗೆ ಹೋತು, ಮದುವಿ ಮನಿಗೂ ಹೋತು. ನಾಟಕ ಕಂಪನಿಯೋರು ಮಾತ್ರ ಕಾಲು ಪೇಟಿನೇ ಇಟ್ಟುಕೊಂಡ್ರು, ಎರಡೂ ಕೈ ಖಾಲಿ ಇರ್ತಾವಲ್ಲ. ರಂಗದ ಮುಂದ ಪೇಟಿ ಮಾಸ್ತರು ಕುಂತ್ರು ಅಂದ್ರ ನಾಟಕದ ಲಗಾಮು ಅವರ ಕೈಯಾಗ.

ಈ ಪೇಟಿನ್ನ ರೇಡಿಯೋದೋರು ಹೊರಗ ಹಾಕಿದ್ರು ಅಂದ್ರ ನಂಬ್ತೀರೇನು? 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಾಗ ಹಾರ್ಮೋನಿಯಂ ನುಡಿಸಬಾರದು ಅಂತ ಆತು. ಪೇಟಿಯ ಸುರ ಮಣಿಗೆ ಕಟ್ಟಿಹಾಕಿದ್ದು, ಒಂದು ಸುರದಿಂದ ಇನ್ನೊಂದಕ್ಕ ಜಾರಾಕ ಬರಂಗಿಲ್ಲ, ಮೀಂಡ ಇಲ್ಲ, ಗಮಕ ಇಲ್ಲ, ನಮ್ಮ ಸಂಗೀತಕ್ಕ ಇದು ಹೊಂದಂಗಿಲ್ಲ ಅಂಬೋದು ಅವರ ವಾದ. ರವೀಂದ್ರನಾಥ ಟ್ಯಾಗೋರರಿಗೂ ಪೇಟಿ ಕಂಡ್ರ ಆಗ್ತಿದ್ದಿಲ್ಲ. 1971ರ ಹೊತ್ತಿಗೆ ಆ ಬಿಗಿ ಸಡಿಲಾತು. ಅಷ್ಟೂ ವರ್ಷ ಬೆಳಗಾವಿಯ ರಾಮ ಕಲ್ಲೋ ಬಿಜಾಪುರೆಯಂಥೋರು ಅದೇ ಪೆಟ್ಟಿಗಿಯಾಗ ದೊಡ್ಡ ದೊಡ್ಡ ಗಾಯಕರ ಬೆನ್ನಿಗೆ ನಿಂತು ನುಡಿಸಿ ತೋರಿಸಿದ್ರು. ಹಂಗಾಗಿ ಈಗಿನ ಮಂದಿ ಕ್ಯಾಸಿಯೋ ನಮ್ಮ ಸಂಸ್ಕೃತಿ ಅಲ್ಲ ಅಂತ ಮೂಗು ಮುರಿದ್ರ ನನಗ ನಗು ಬರ್ತೈತಿ. ಹೊರಗಿಂದ ಬಂದಿದ್ದನ್ನೆಲ್ಲಾ ಬಿಡ್ತೀವಿ ಅಂದ್ರ ಮೆಣಸಿನಕಾಯಿನೂ ಬಿಡಬೇಕು, ಟೊಮೇಟೋನೂ ಬಿಡಬೇಕು, ಸಾರಿಗೆ ಏನು ಹಾಕ್ತೀರಿ?

ಇನ್ನ ಕ್ಯಾಸಿಯೋ ಕಥಿ. ಅದು ಜಪಾನಿನ ಕಾಶಿಯೋ ಅಂಬೋ ಅಣ್ತಮ್ಮರ ಮನಿ ಹೆಸರು. 1957ರಾಗ ಲೆಕ್ಕದ ಯಂತ್ರ ಮಾಡಿ ಹೆಸರಾದ ಮಂದಿ. ನಮ್ಮ ಕಿರಾಣಿ ಅಂಗಡಿ ಸೇಠಜಿ ಮೇಜಿನ ಮ್ಯಾಲೆ ಇದ್ದ ಕ್ಯಾಲ್ಕುಲೇಟರ್, ದುಬೈದಿಂದ ಬಂದೋರು ಕಟ್ಟಿಕೊಂಡು ಬರ್ತಿದ್ದ ನೀರಾಗ ಹಾಳಾಗದ ಗಡಿಯಾರ, ಎಲ್ಲಾ ಇವರದೇ. 1980ರಾಗ ಕ್ಯಾಸಿಯೋಟೋನ್ 201 ಅಂತ ಮೊದಲ್ನೇ ವಾದ್ಯ ಬಿಟ್ರು. ಅದರಾಗ ಪಿಯಾನೋ, ಪಿಟೀಲು, ಕೊಳಲು ಅಂತ 29 ದನಿ ಇದ್ದವು. ಅದೇ ಹೊತ್ತಿಗೆ ಯಮಾಹಾದೋರೂ ಪೋರ್ಟಾಸೌಂಡ್ ಅಂತ ಸಣ್ಣ ಸಣ್ಣ ಕೀಬೋರ್ಡ್ ಬಿಟ್ರು. ಈ ಯಮಾಹಾ ಮನೆತನದ ಮೂಲಪುರುಷ 1887ರಾಗ ಒಂದು ಶಾಲಿಯ ಕೆಟ್ಟ ಆರ್ಗನ್ ರಿಪೇರಿ ಮಾಡೋದರಿಂದ ಶುರು ಮಾಡಿದ ಮನುಷ್ಯ. ಅಂದ್ರ ಅದಕ್ಕೂ ನಮ್ಮ ಪೇಟಿಗೂ ದೂರದ ನೆಂಟಸ್ತನ ಐತಿ.

ಬರೇ ದನಿ ಬಂದಿದ್ರ ಏನೂ ಆಗ್ತಿದ್ದಿಲ್ಲ. ತಾಳ ಬಂತು ನೋಡ್ರಿ, ಅಲ್ಲಿಂದ ಆಟ ಬದಲಾತು. 1959ರಷ್ಟು ಹಿಂದೇನೇ ಅಮೆರಿಕದ ವುರ್ಲಿಟ್ಜರ್ ಕಂಪನಿ ತಾನೇ ತಾಳ ಹಾಕೋ ಒಂದು ಮರದ ಪೆಟ್ಟಿಗಿ ಮಾಡಿತ್ತು. ಅದಕ್ಕ ಇಟ್ಟ ಹೆಸರು ಸೈಡ್‌ಮನ್. ನಮ್ಮ ಮಾತಿನಾಗ ಹೇಳ್ಬೇಕಂದ್ರ ಪಕ್ಕವಾದ್ಯದೋನು! ಮುಂದ ತಾಳದ ಕೂಡ ಗಿಟಾರು, ಬೇಸು ಎಲ್ಲಾ ಸೇರಿಸಿ ಪೆಟ್ಟಿಗಿಯೊಳಗೇ ಒಂದು ತಂಡ ಕೂಡ್ರಿಸಿದ್ರು. ಇಂಥದಕ್ಕ ಅರೇಂಜರ್ ಕೀಬೋರ್ಡ್ ಅಂತಾರ. ಎಡಗೈಲೆ ಎರಡು ಮೂರು ಮಣಿ ಒಟ್ಟಿಗೆ ಒತ್ತಿದ್ರ ಸಾಕು, ಉಳಿದ ಮೇಳ ಅದೇ ಹಾಕ್ಕೊಳ್ತೈತಿ. ಹಾಡಿನ ಮುಂಚಿನ ತುಣುಕಿಗೆ ಒಂದು ಗುಂಡಿ, ಚರಣದಿಂದ ಪಲ್ಲವಿಗೆ ಬರುವಾಗ ತಬಲಾದೋರು ಹಾಕೋ ಉರುಳಿಕಿಗೆ ಒಂದು ಗುಂಡಿ, ಮುಕ್ತಾಯಕ್ಕ ಇನ್ನೊಂದು. ನಮ್ಮ ಹೆಣ್ಮಕ್ಕಳಿಗೆ ತಿಳಿಯೋ ಹಂಗ ಹೇಳ್ಬೇಕಂದ್ರ ಪ್ಯಾಕೆಟ್ ಮಸಾಲಿ ಇದ್ದಂಗ. ಧನಿಯಾ ಹುರಿಯೋದಿಲ್ಲ, ಕುಟ್ಟೋದಿಲ್ಲ, ಕತ್ತರಿಸಿ ಹಾಕಿದ್ರ ಸಾರು ತಯಾರ್. ರುಚಿ ಕೆಟ್ಟದಂತೇನಲ್ಲ, ದಿನಾ ಒಂದೇ ರುಚಿ ಅಷ್ಟೇ.

ಒಂದು ಮಾತು ಹೇಳದೇ ಮುಂದ ಹೋಗಾಕ ಮನಸ್ಸಿಲ್ಲ. 1981ರಾಗ ಬಂದ ಎಂ.ಟಿ.40 ಅಂಬೋ ಸಣ್ಣ ಕ್ಯಾಸಿಯೋಕ್ಕ ತಾಳ ಕೂಡಿಸಿದ್ದು ಒಬ್ಬ ಹೆಣ್ಮಗಳು, ಹಿರೋಕೋ ಒಕುಡಾ. ಸಂಗೀತದ ಕಾಲೇಜು ಮುಗಿಸಿ 1980ರಾಗಷ್ಟೇ ಕೆಲಸಕ್ಕ ಸೇರಿದ ಹುಡುಗಿ. ಆಕಿ ಇಟ್ಟ ಒಂದು ತಾಳ ಸಮುದ್ರ ದಾಟಿ ಜಮೈಕಾ ದ್ವೀಪಕ್ಕ ಹೋಗಿ, 1985ರಾಗ ಅಲ್ಲಿನ ಒಂದು ಹಾಡಿಗೆ ಬಿದ್ದು, ಆಮ್ಯಾಲೆ ಅದೇ ತಾಳದ ಮ್ಯಾಲೆ ನೂರಾರು ಹಾಡು ಕಟ್ಟಿದ್ರಂತ. ಎಲ್ಲೋ ಕುಂತು ಒಬ್ಬ ಹುಡುಗಿ ಹಾಕಿದ ಒಗ್ಗರಣಿ, ಎಲ್ಲಿಗೆ ಘಮ ಹೊಡೀತು ನೋಡ್ರಿ.

ನಮ್ಮ ಕಡೆ ಕ್ಯಾಸಿಯೋ ಬಂದಿದ್ದು ಆರ್ಕೆಸ್ಟ್ರಾದ ಕೂಡ. 1987ರಾಗ ‘ಪ್ರೇಮಲೋಕ’ ಬಂದ ಮ್ಯಾಲೆ ಹುಡುಗರಿಗೆ ಹಂಸಲೇಖ ಅವರ ಆ ಸದ್ದೇ ಬೇಕು. ಪೇಟಿ ತಬಲಾದಾಗ ಅದು ಎಲ್ಲಿ ಬರಬೇಕು? ಗಣಪತಿ ಕೂಡ್ರಿಸಿದಲ್ಲಿ, ಜಾತ್ರಿಯಾಗ, ಹೊಸಪೇಟಿ ಬಳ್ಳಾರಿ ಕಡೆ ಆರ್ಕೆಸ್ಟ್ರಾದೋರು ಕಬ್ಬಿಣದ ಸ್ಟ್ಯಾಂಡಿನ ಮ್ಯಾಲೆ ಕರೀ ಹಲಗಿ ಇಟ್ಟು ನಿಂತೇ ನುಡಿಸ್ತಿದ್ರು. ಪೇಟಿ ಮಾಸ್ತರನ್ನ ಕುಂತಿದ್ದೇ ನೋಡಿದ ಮಂದಿಗೆ ನಿಂತು ನುಡಿಸೋರನ್ನ ನೋಡೋದೇ ಒಂದು ತಮಾಷಿ. ಆಮ್ಯಾಲೆ ಅದೇ ಹಲಗಿ ನಾಟಕದ ಸ್ಟೇಜಿನ ಪಕ್ಕಕ್ಕ ಬಂತು.

ಇಲ್ಲೇ ನನಗ ಹೇಳಬೇಕಾಗಿದ್ದ ಮುಖ್ಯ ಮಾತು ಇರೋದು. ನಮ್ಮ ಹಳ್ಳಿ ನಾಟಕ ಅಂದ್ರ ಬರೇ ಆ ಒಂದು ರಾತ್ರಿದಲ್ಲ. ಪೇಟಿ ಮಾಸ್ತರು ಎರಡು ಮೂರು ತಿಂಗಳು ಮೊದಲೇ ಊರಿಗೆ ಬರ್ತಿದ್ರು. ಚಾವಡಿಯಾಗೋ ಗುಡಿಯಾಗೋ ವಸ್ತಿ. ಮನಿಗೊಂದು ದಿನ ಊಟದ ಪಾಳಿ. ನಮ್ಮತ್ತಿಯೋರು ಮಾಸ್ತರ ಪಾಳಿ ಬಂತಂದ್ರ ಶೇಂಗಾ ಹೋಳಿಗಿ ಮಾಡ್ಸೋರು. ರಾತ್ರಿ ಊಟ ಆದ ಮ್ಯಾಲೆ ತಾಲೀಮು. ದನ ಕಾಯೋ ಹುಡುಗರು, ಗದ್ದಿ ಕೆಲಸ ಮಾಡಿ ಬಂದೋರು, ಓದು ಬರದೋರು, ಅವರ ಬಾಯಿಲೆ ಮಾಸ್ತರು ಮಾತು ಹೇಳ್ಸಿ, ಸುರ ಹಿಡಿಸಿ, ಕಂದ ಹಾಡ್ಸಿ, ತಯಾರು ಮಾಡ್ತಿದ್ರು. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲಿತ ಕಣ್ಣಿಲ್ಲದ ಮಾಸ್ತರು ಎಷ್ಟು ಮಂದಿ ಹಿಂಗ ಊರೂರು ತಿರುಗಿ ಕಲಿಸಿದ್ರು. ಆ ಆಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕುರುಡು ಮಕ್ಕಳ ಕೈಗೆ ವಾದ್ಯ ಕೊಟ್ಟು ಬದುಕಿನ ದಾರಿ ಮಾಡಿದ್ರು, ಆಶ್ರಮದ್ದೇ ಒಂದು ನಾಟಕ ಕಂಪನಿನೂ ಇತ್ತು.

ನಾಟಕದ ರಾತ್ರಿ ಮಾಸ್ತರ ಕೈ ನೋಡ್ಬೇಕು. ದುರ್ಯೋಧನನ ಪಾತ್ರದೋನು ಹಾಡಿನ ನಡುವ ಸಾಲು ಮರೆತು ನಿಂತ್ರ, ಮಾಸ್ತರು ಅದೇ ಸುರ ಸುತ್ತಿಸಿ ಸುತ್ತಿಸಿ ಕಾಯ್ತಿದ್ರು, ಬಾಯಿಲೆ ಸಣ್ಣಗ ಸಾಲು ಹೇಳ್ಕೊಡ್ತಿದ್ರು. ತಬಲಾದೋರು ಮಾಸ್ತರ ಮುಖ ನೋಡ್ಕೋತ ಠೇಕಾ ಹಿಡ್ಕೊಂಡು ಕುಂದ್ರೋರು. ಪಾತ್ರದೋನು ಹೊಳ್ಳಿ ಹತ್ತಿದಾಗ ಎಲ್ಲಾರೂ ಕೂಡಿ ಮುಂದ ನಡೆಯೋರು. ಕುಂತ ಮಂದಿಗೆ ಗೊತ್ತೂ ಆಗ್ತಿದ್ದಿಲ್ಲ.

ಈಗ ಕ್ಯಾಸಿಯೋ ಮಾಸ್ತರು ನಾಟಕದ ದಿನ ಸಂಜಿಮುಂದ ಬೈಕಿನ ಮ್ಯಾಲೆ ಬರ್ತಾರ. ಹಾಡು ಎಲ್ಲಾ ಸಿನಿಮಾ ಧಾಟೀವು, ಯಾವ ಹಾಡಿಗೆ ಯಾವ ತಾಳ ಅಂತ ಮೊದಲೇ ಗುಂಡಿಗೆ ಇಟ್ಟಿರ್ತಾರ. ಬೆಳಗಿನ ಜಾವಕ್ಕ ರೊಕ್ಕ ಎಣಿಸಿಕೊಂಡು ಮುಂದಿನ ಊರಿಗೆ. ಅವರನ್ನ ಬೈಯಾಕಾಗಂಗಿಲ್ಲ, ಅವರಿಗೂ ಹೆಂಡತಿ ಮಕ್ಕಳು ಅದಾರ, ಜಾತ್ರಿ ಸೀಜನ್ ಅಂದ್ರ ನಾಲ್ಕೇ ತಿಂಗಳು. ಊರಿನೋರಿಗೂ ಖರ್ಚು ಕಡಿಮಿ. ಆದ್ರ ಊರಾಗ ಮೂರು ತಿಂಗಳು ಇದ್ದು ಹೋಗ್ತಿದ್ದ ಒಬ್ಬ ಗುರು ಹೋದ. ತಾಲೀಮು ನೋಡಾಕ ಕಂಬದ ಮರೀಗೆ ಕುಂತು ಸರಿಗಮ ಕಲಿತ ಸಣ್ಣ ಹುಡುಗರು ಎಷ್ಟೋ ಮಂದಿ ಇದ್ರು. ಈಗಿನ ಹುಡುಗರು ಎಲ್ಲಿ ಕುಂದ್ರಬೇಕು?

ಹೋದ ವರ್ಷ ನಮ್ಮ ಓಣಿ ಹೆಣ್ಮಕ್ಕಳ ಭಜನಿ ಸಂಘದಾಗ ಇದೇ ಪ್ರಶ್ನೆ ಎದ್ದಿತು. ಗುಡಿ ಪೇಟಿಯ ಗಾಳಿಚೀಲ ಹರಿದು, ಎರಡು ಮಣಿ ಒತ್ತಿದ್ರ ಮ್ಯಾಲೆ ಏಳ್ತಿದ್ದಿಲ್ಲ. ರಿಪೇರಿ ಮಾಡೋರು ಹತ್ತಿರದಾಗ ಸಿಗಲಿಲ್ಲ. ಸಂಘದಾಗ ಕೂಡಿಟ್ಟ ರೊಕ್ಕ ಇತ್ತು. ಕ್ಯಾಸಿಯೋ ತರೋಣು ಅಂತ ಸಣ್ಣ ವಯಸ್ಸಿನೋರು, ಬ್ಯಾಡ ಅಂತ ದೊಡ್ಡೋರು. ಕಡೀಗೆ ನೋಡಿಯಾದ್ರೂ ಬರೋಣು ಅಂತ ನಾನು, ಸಂಘದ ಇಬ್ಬರು, ಆರ್ಕೆಸ್ಟ್ರಾದಾಗ ನುಡಿಸೋ ನನ್ನ ತಂಗಿ ಮಗ, ಆಮ್ಯಾಲೆ ನಮ್ಮ ಪೇಟಿ ಅಜ್ಜಾರು, ಐದು ಮಂದಿ ಬಸ್ಸು ಹತ್ತಿ ಹೊಸಪೇಟಿಗೆ ಹೋದ್ವಿ. ಅಜ್ಜಾರು ಹಿಂದಕ ನಾಟಕ ಕಲಿಸಿದೋರು, ಈಗ ಎಂಬತ್ತರ ಹತ್ತಿರ.

ಅಂಗಡಿ ಹುಡುಗ ಛಲೋ ಇದ್ದ. “ಕುಂದ್ರಿ ಅಮ್ಮಾ” ಅಂತ ಕುರ್ಚಿ ಕೊಟ್ಟು ಮೂರು ನಮೂನಿ ತೋರ್ಸಿದ. ಮೊದಲು ಡೆಮೋ ಅಂತ ಒಂದು ಗುಂಡಿ ಒತ್ತಿದ. ಪೆಟ್ಟಿಗಿ ತಾನೇ ಧಾಂ ಧೂಂ ಅಂತ ಮೂರು ನಿಮಿಷ ಬಾರಿಸಿಕೊಂಡಿತು. ಅಜ್ಜಾರು ಕೇಳಿ, “ತಮ್ಮಾ, ಇದು ತಾನೇ ಬಾರಿಸ್ತೈತಿ. ನಾವು ಬಂದಿದ್ದು ಯಾಕ?” ಅಂದ್ರು. ಹುಡುಗ ನಕ್ಕು ತಾಳ ಬಂದ್ ಮಾಡಿ ಹಾರ್ಮೋನಿಯಂ ದನಿ ಹಾಕಿ ಅವರ ಮುಂದ ಸರಿಸಿದ. ಅಜ್ಜಾರ ಬಲಗೈ ಮಣಿ ಮ್ಯಾಲೆ ಓಡಿತು, ಎಡಗೈ ಮಾತ್ರ ಪೆಟ್ಟಿಗಿ ಹಿಂದ ಹೋಗಿ ಗಾಳಿಚೀಲ ಹುಡುಕಾಕ ಹತ್ತಿತು. ಅರವತ್ತು ವರ್ಷದ ರೂಢಿ.

ಈಗಿನ ಪೆಟ್ಟಿಗಿ ಮೊದಲಿನಂಗಿಲ್ಲ, ಅದನ್ನ ಒಪ್ಪಬೇಕು. ನಮ್ಮ ದೇಶಕ್ಕಂತಲೇ ಬೇರೆ ಮಾಡ್ತಾರ. ಯಮಾಹಾದ ಪಿ.ಎಸ್.ಆರ್. ಐ500 ಅಂಥದ್ದು, ಕ್ಯಾಸಿಯೋದಾಗ ನಂಬರಿನ ಕಡೀಗೆ ಐ.ಎನ್. ಅಂತ ಇದ್ದವು ಅಂಥವು. ತಬಲಾ, ತಂಬೂರಿ, ಶಹನಾಯಿ, ಸಿತಾರು ಎಲ್ಲಾ ಒಳಗ ಅದಾವ. ಒತ್ತಿ ನುಡಿಸಿದ್ರ ಜೋರು, ಹಗುರ ಮುಟ್ಟಿದ್ರ ಸಣ್ಣಗ. ಪಕ್ಕದಾಗ ಒಂದು ಗಾಲಿ ಇರ್ತೈತಿ, ಅದನ್ನ ತಿರುವಿದ್ರ ಸುರ ಜಾರ್ತೈತಿ. ರೇಡಿಯೋದೋರು 1940ರಾಗ ಇಲ್ಲ ಅಂದ ಮೀಂಡ ಗಾಲಿಯಾಗ ಬಂತು ಅನ್ರಿ! ನನಗ ಎಲ್ಲಕ್ಕಿಂತ ಮನಸ್ಸಿಗೆ ಬಂದಿದ್ದು ಪಟ್ಟಿ ಬದಲಿ ಮಾಡೋ ಗುಂಡಿ. ಪೇಟಿಯಾಗ ಗಂಡಸರು ಕಪ್ಪು ಒಂದರಾಗ ಹಾಡ್ತಾರ, ನಾವು ಹೆಣ್ಮಕ್ಕಳು ಕಪ್ಪು ನಾಲ್ಕೋ ಐದೋ. ಪಟ್ಟಿ ಬದಲಾದ್ರ ಬೆರಳೂ ಬದಲಾಗಬೇಕು, ಕಲಿಯೋರಿಗೆ ಅದೇ ದೊಡ್ಡ ಕಷ್ಟ. ಇದರಾಗ ಬೆರಳು ಅವೇ ಇಟ್ಟುಕೊಂಡು ಗುಂಡಿ ಒತ್ತಿದ್ರ ಸುರ ಏರ್ತೈತಿ.

ಆಮ್ಯಾಲೆ ನಾವೂ ಹಾಡಿ ನೋಡಿದ್ವಿ. ನಮ್ಮ ಓಣಿ ಅಕ್ಕ ಶರೀಫಜ್ಜನ ಒಂದು ತತ್ವಪದ ಎತ್ತಿದ್ರು. ಹುಡುಗ ತಾಳ ಹಾಕಿದ. ಎರಡು ಸಾಲು ಛಲೋನೇ ಹೋತು. ಆ ಅಕ್ಕಂದು ಒಂದು ರೂಢಿ, ಸಾಲಿನ ಕಡೀಗೆ ದನಿ ಎಳೆದು ಸ್ವಲ್ಪ ನಿಂತು, ಮಂದಿ ಮುಖ ನೋಡಿ ಮುಂದಿನ ಸಾಲು ಹಿಡಿಯೋದು. ಆಕಿ ನಿಂತ್ರು, ಪೆಟ್ಟಿಗಿ ನಿಲ್ಲಲಿಲ್ಲ. ಆಕಿ ಓಡಿ ಹಿಡಿಯಾಕ ಹೋದ್ರು, ಸಾಲು ತಪ್ಪಿತು. ಮತ್ತೊಮ್ಮೆ ಹಾಡಿದ್ರು, ಈ ಸಲ ನಿಲ್ಲದೇ ಹಾಡಿದ್ರು, ತಾಳಕ್ಕ ಸರಿ ಕೂಡಿತು. ಆದ್ರ ಅದು ಅವರ ಹಾಡು ಅನ್ನಿಸಲಿಲ್ಲ.

ನಾನು ಕೇಳಿದೆ, “ತಮ್ಮಾ, ಹಾಡೋರು ನಿಂತ್ರ ಇದನ್ನ ನಿಲ್ಲಿಸಾಕ ಬರ್ತೈತೇನು?”

“ಬರ್ತೈತಿ ದೊಡ್ಡಮ್ಮ” ಅಂತ ತಂಗಿ ಮಗನೇ ತೋರ್ಸಿದ. ಸಿಂಕ್ ಸ್ಟಾಪ್ ಅಂತಾರ ಅದಕ್ಕ. ಎಡಗೈ ಮಣಿಯಿಂದ ಎತ್ತಿದ ಕೂಡಲೇ ತಾಳ ಗಕ್ಕನ ನಿಲ್ತೈತಿ, ಮತ್ತ ಒತ್ತಿದ್ರ ಮೊದಲ್ನೇ ಪೆಟ್ಟಿನಿಂದ ಶುರು. ಅಜ್ಜಾರು ಎರಡು ಮೂರು ಸಲ ಮಾಡಿ ನೋಡಿ, “ನಿಂತಿದ್ದೇನೋ ನಿಂತಿತು. ನಾವು ನಿಲ್ಲುವಾಗ ಸುರ ಬಿಡ್ತಿದ್ದಿಲ್ಲಲ್ಲ” ಅಂದ್ರು. ಅಷ್ಟೇ. ಹುಡುಗನಿಗೆ ಆ ಮಾತು ತಿಳೀತೋ ಇಲ್ಲೋ.

ಮುಂದ ಏನೇನು ಬರ್ತೈತಿ ಅಂತ ತಂಗಿ ಮಗ ಬಸ್ಸಿನಾಗ ಬರ್ತಾ ಹೇಳಿದ. 2022ರಾಗ ಕ್ಯಾಸಿಯೋದೋರು ಸಿ.ಟಿ.-ಎಸ್1000ವಿ ಅಂತ ಒಂದು ಬಿಟ್ಟಾರ, ಫೋನಿನಾಗ ಸಾಲು ಬರೆದು ಕಳಿಸಿದ್ರ ಪೆಟ್ಟಿಗಿನೇ ಹಾಡ್ತೈತಂತ. ಇಂಗ್ಲಿಷು, ಜಪಾನಿ ಮಾತ್ರ. ಕನ್ನಡ ಬಂದಿಲ್ಲ, ಬಂದ್ರ ನಮ್ಮ ಅಕ್ಕನ್ನೂ ಕೇಳೋರಿಲ್ಲ ಅಂತ ನಕ್ಕ. ಯಮಾಹಾದ್ದು 2023ರಾಗ ಜಿನೋಸ್2, ಮರುವರ್ಷ ಪಿ.ಎಸ್.ಆರ್. ಎಸ್‌ಎಕ್ಸ್920 ಅಂತ ಬಂದಾವ, ಅವು ದೊಡ್ಡ ಆರ್ಕೆಸ್ಟ್ರಾದೋರ ಮಾತು, ಜಿನೋಸ್ ಅಂದ್ರ ಲಕ್ಷಗಟ್ಟಲೆ. ರೆಕಾರ್ಡ್ ಹಾಡು ಕೇಳಿ ಯಾವ ಯಾವ ಮಣಿ ಒಟ್ಟಿಗೆ ಒತ್ತಬೇಕು ಅಂತ ಹೇಳೋ ಆ್ಯಪ್ ಆಗಲೇ ಐತಿ. ಹಾಡೋರ ಉಸುರು ಕೇಳಿ ತಾಳ ತಗ್ಗಿಸೋ ಪೆಟ್ಟಿಗಿ ಬಂದ್ರ ಹೇಳಪ್ಪ, ನನ್ನ ಬಂಗಾರದ ಬಳಿ ಒತ್ತಿ ಇಟ್ಟು ತರ್ತೀನಿ ಅಂದೆ.

ಕಡೀಗೆ ತಂದ್ವಿ. 20 ಸಾವಿರದ ಮ್ಯಾಲೆ ಬಿತ್ತು, ಸ್ಟ್ಯಾಂಡು, ಅಡಾಪ್ಟರು, ಹೊದಿಸೋ ಬಟ್ಟಿ ಬೇರೆ. ತರುವಾಗ ಒಂದು ಕರಾರು ಮಾಡಿಕೊಂಡ್ವಿ. ತಂಬೂರಿ ದನಿ, ಪೇಟಿ ದನಿ ಎರಡೇ ಬಳಸೋದು. ತಬಲಾ ಬಾರಿಸೋ ಹುಡುಗನ್ನ ಬಿಡೋದಿಲ್ಲ, ಅವನ ಸೋಮವಾರದ ಸಂಭಾವನಿ ಹಂಗೇ. ತಾಳದ ಗುಂಡಿ ಮ್ಯಾಲೆ ಅಜ್ಜಾರು ಗಾಯಕ್ಕ ಹಚ್ಚೋ ಪ್ಲಾಸ್ಟರ್ ಅಂಟಿಸಿದಾರ. ಸಣ್ಣೋರು ಅದನ್ನ ಕಿತ್ತು ಆಟ ಆಡಿ ಮತ್ತ ಅಂಟಿಸ್ತಾರ, ಪ್ಲಾಸ್ಟರ್ ದಿನಾ ಒಂದು ಕಡೆ ಇರ್ತೈತಿ, ಅಜ್ಜಾರು ನೋಡಿನೂ ನೋಡದಂಗಿರ್ತಾರ. ಕರೆಂಟು ಹೋದ್ರ ಪೆಟ್ಟಿಗಿ ಬಂದ್, ಬ್ಯಾಟರಿ ಹಾಕಾಕ ಬರ್ತೈತಿ ಆದ್ರ ಆರು ಬ್ಯಾಟರಿ ಎರಡು ಭಜನಿಗೆ ಮುಗೀತಾವ. ಹಳೇ ಪೇಟಿನ್ನ ಹಂಗೇ ಇಟ್ಟೀವಿ. ಎರಡು ಮಣಿ ಬಿಟ್ಟು ನುಡಿಸೋ ಹಾಡು ಯಾವು ಅಂತ ಅಜ್ಜಾರಿಗೆ ಗೊತ್ತು.

ಸಂಜಿಮುಂದ ನಾಲ್ಕು ಹೆಣ್ಣುಡುಗ್ಯಾರು ಕಲಿಯಾಕ ಬರ್ತಾರ. ನಾವು ಆ ವಯಸ್ಸಿನಾಗ ಪೇಟಿ ಮುಟ್ಟಿದ್ರ ನಾಟಕದೋಳಾಗ್ತೀಯೇನು ಅಂತ ಮನ್ಯಾಗ ಬೈತಿದ್ರು. ಕ್ಯಾಸಿಯೋಕ್ಕ ಆ ಬೈಗಳ ಇನ್ನೂ ಹತ್ತಿಲ್ಲ, ಅದು ಇಂಗ್ಲಿಷ್ ಮೀಡಿಯಂ ಸಾಲಿ ವಿದ್ಯಾ ಇದ್ದಂಗ ಕಾಣ್ತೈತಿ ತಾಯಂದ್ರಿಗೆ. ಇದ್ದಷ್ಟು ದಿನ ಇರ್ಲಿ ಬಿಡ್ರಿ.

ಬರೋ ಊರಬ್ಬಕ್ಕ ನಾಟಕ ಮಾಡ್ಬೇಕಂತ ಹುಡುಗರು ಪಟ್ಟಿ ಹಿಡ್ಕೊಂಡು ತಿರಗ್ತಿದಾರ. ಅಜ್ಜಾರ್ನ ತಾಲೀಮು ಮಾಡ್ಸಾಕ ಕೇಳಿದಾರ. ಮಾಡಿಸ್ತೀನಿ, ಎರಡು ತಿಂಗಳು ಬೇಕು, ದಿನಾ ಬರ್ಬೇಕು ಅಂದಾರ ಅವರು. ಹುಡುಗರು ಹದಿನೈದು ದಿನ ಸಾಕು ಅಂತಾರ. ಮಾತು ಇನ್ನೂ ಮುಗಿದಿಲ್ಲ. ಊಟದ ಪಾಳಿ ಹೊಳ್ಳಿ ಶುರುವಾದ್ರ ಮೊದಲ್ನೇ ದಿನ ನಮ್ಮನೀದು ಅಂತ ಹೇಳಿಟ್ಟೀನಿ.